ಸಿಸ್ಟಮ್ಯಾಟಿಕ್ ರಿವ್ಯೂಗೆ ಲೈಬ್ರರಿ ತರಬೇತಿ: ಏನು ಕೇಳಬೇಕು, ಹೇಳಿಕೊಡಿ

ಹೊಳೆದಂಡೆ · ಆಗಸ್ಟ್ 9

ನಮಸ್ಕಾರ ಎಲ್ಲರಿಗೂ. ಶಿವಮೊಗ್ಗದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಕಾಲೇಜಿನ ಹೆಸರು ಬೇಡ. ಯಾಕೆ ಅಂತ ಮುಂದೆ ಓದಿದರೆ ಗೊತ್ತಾಗುತ್ತದೆ.

ನನ್ನ ವಿಷಯ ಮಂಗನ ಕಾಯಿಲೆ, ಇಂಗ್ಲಿಷಿನಲ್ಲಿ ಕ್ಯಾಸನೂರು ಫಾರೆಸ್ಟ್ ಡಿಸೀಸ್, ಚಿಕ್ಕದಾಗಿ ಕೆಎಫ್‌ಡಿ. ಕಾಡಂಚಿನ ಊರುಗಳಲ್ಲಿ ಜನ ಲಸಿಕೆಗೆ ಯಾಕೆ ಮುಂದೆ ಬಂದರು, ಯಾಕೆ ಹಿಂದೆ ಸರಿದರು ಅನ್ನುವುದು. ಹೋದ ವರ್ಷ ಜೂನ್‌ನಲ್ಲಿ ಗೈಡ್ ಹೇಳಿದರು, "ಮೊದಲು ಒಂದು ಸಿಸ್ಟಮ್ಯಾಟಿಕ್ ರಿವ್ಯೂ ಮುಗಿಸಿಬಿಡಿ. ಹೇಗೂ ಮಳೆ, ಫೀಲ್ಡಿಗೆ ಹೋಗೋಕಾಗಲ್ಲ. ಮನೇಲೇ ಕೂತು ಮಾಡೋ ಕೆಲಸ." ಒಂದು ಪ್ರಶ್ನೆಯ ಮೇಲೆ ಬಂದ ಪೇಪರುಗಳನ್ನೆಲ್ಲ ಕ್ರಮವಾಗಿ ಹುಡುಕಿ, ಆರಿಸಿ, ಒಟ್ಟುಗೂಡಿಸಿ ಬರೆಯುವುದು ಅದು. ನಾನೂ ಹೌದಲ್ವಾ ಅಂದುಕೊಂಡೆ.

ಎರಡು ತಿಂಗಳು ಗೂಗಲ್ ಸ್ಕಾಲರ್ ಜಾಲಾಡಿದೆ. ಒಂದು ಪೇಪರ್ ಓದುವಾಗ ಅದರ ಕೊನೆಯಲ್ಲಿ ಕಂಡ ಇನ್ನೊಂದಕ್ಕೆ ಹಾರಿದೆ. ಅಲ್ಲಿಂದ ಮತ್ತೊಂದಕ್ಕೆ. ಕರೆಂಟ್ ಹೋದಾಗ ಬಿಟ್ಟೆ, ಬಂದಾಗ ಬೇರೆ ಏನೋ ಟೈಪ್ ಮಾಡಿ ಶುರು ಮಾಡಿದೆ. ಲ್ಯಾಪ್‌ಟಾಪ್‌ನಲ್ಲಿ ಈಗ ಮೂರು ಫೋಲ್ಡರ್ ಇವೆ: "ಕೆಎಫ್‌ಡಿ", "ಕೆಎಫ್‌ಡಿ ಹೊಸದು", "ಕೆಎಫ್‌ಡಿ ಹೊಸದು ನಿಜವಾದ್ದು".

ಪ್ರೋಗ್ರೆಸ್ ಮೀಟಿಂಗಿಗೆ ಹೊರಗಿನಿಂದ ಒಬ್ಬರು ಮೇಡಂ ಬಂದಿದ್ದರು. ನಲವತ್ತು ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ಐದನೆಯದಕ್ಕೇ ನಿಲ್ಲಿಸಿದರು. "ಎಲ್ಲೆಲ್ಲಿ ಹುಡುಕಿದಿರಿ? ಯಾವ ದಿನ? ಏನು ಟೈಪ್ ಮಾಡಿದಿರಿ?" ಮೂರಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಬೈಯಲಿಲ್ಲ. "ಓದಿದ್ದೀರಿ, ಸಂತೋಷ. ಆದರೆ ಇದರಲ್ಲಿ ಸಿಸ್ಟಮ್ ಎಲ್ಲಿದೆ?" ಅಂದು ನೀರು ಕುಡಿದರು. ಬೈದಿದ್ದರೇ ಚೆನ್ನಾಗಿತ್ತು.

ಈಗ ನಮ್ಮ ಲೈಬ್ರರಿಯಲ್ಲಿ ವಿದ್ಯಾರ್ಥಿಗಳಿಗೂ ಸಿಬ್ಬಂದಿಗೂ ಸೇರಿಸಿ ಇದರ ಬಗ್ಗೆ ತರಬೇತಿ ಇಡುತ್ತಾರಂತೆ. ಗ್ರಂಥಪಾಲಕರು ಒಳ್ಳೆಯವರು. ಬೇಜಾರಲ್ಲಿ ಕೂತಿದ್ದ ನನ್ನನ್ನೇ ಕರೆದು, "ನಿಮಗೆ ಏನು ಬೇಕೋ ಒಂದು ಹಾಳೆಯಲ್ಲಿ ಬರೆದುಕೊಡಿ" ಅಂದಿದ್ದಾರೆ. ಏನು ಬರೆಯಲಿ? ಏನು ಗೊತ್ತಿಲ್ಲ ಅನ್ನುವುದೇ ನನಗೆ ಗೊತ್ತಿಲ್ಲ.

ಪುಸ್ತಕದಕ್ಕ · ಆಗಸ್ಟ್ 9

ಹೊಳೆದಂಡೆ, ಮೊದಲು ಒಂದು ಲೋಟ ಕಾಫಿ ಕುಡಿಯಿರಿ. ನಾನು ಮಲೆನಾಡಿನದೇ ಇನ್ನೊಂದು ಕಾಲೇಜಿನ ಲೈಬ್ರರಿಯಲ್ಲಿದ್ದೇನೆ. ನಿಮ್ಮ ಹಾಗೆ ಬರುವವರು ವರ್ಷಕ್ಕೆ ಎಷ್ಟೋ ಜನ. ಎಲ್ಲರೂ ಬರುವುದು ಕೊನೆಯಲ್ಲಿ. ರಿವ್ಯೂ ಬರೆದಾಗಿರುತ್ತದೆ, "ಮೇಡಂ, ಸರ್ಚ್ ಸ್ಟ್ರಾಟೆಜಿ ಅಂತ ಒಂದು ಪ್ಯಾರಾ ಹಾಕಿಕೊಡಿ" ಅನ್ನುತ್ತಾರೆ. ಊಟ ಆದ ಮೇಲೆ ಎಲೆ ಹಾಕಿದ ಹಾಗೆ.

ಹಾಳೆಯಲ್ಲಿ ಮೊದಲ ಸಾಲು ಇದನ್ನು ಬರೆಯಿರಿ: "ಡೆಮೊ ಬೇಡ, ನನ್ನ ಪ್ರಶ್ನೆ ಇಟ್ಟುಕೊಂಡೇ ಕೂರಿಸಿ." ಪರದೆ ಮೇಲೆ ಯಾರೋ ಮಧುಮೇಹದ ಮೇಲೆ ಹುಡುಕಿ ತೋರಿಸಿದರೆ ನಿಮಗೇನೂ ಬರುವುದಿಲ್ಲ.

ಇನ್ನೊಂದು ಕೇಳುತ್ತೇನೆ, ನೆನಪಿದ್ದರೆ ಹೇಳಿ. ಹುಡುಕುವಾಗ ಊರಿನ ಹೆಸರು ಹಾಕಿದ್ರಾ?

ಹೊಳೆದಂಡೆ · ಆಗಸ್ಟ್ 9

ಹೂಂ ಅಕ್ಕ. ಕೆಎಫ್‌ಡಿ, ವ್ಯಾಕ್ಸಿನ್, ಶಿವಮೊಗ್ಗ. ಜಾಸ್ತಿ ಸಲ ಈ ಮೂರನ್ನೇ ಹಾಕಿದ್ದೆ.

ಪುಸ್ತಕದಕ್ಕ · ಆಗಸ್ಟ್ 9

ಅಂದುಕೊಂಡೆ.

ನಮ್ಮ ಊರು ಇಂಗ್ಲಿಷಿನಲ್ಲಿ ಅಧಿಕೃತವಾಗಿ ಶಿವಮೊಗ್ಗ ಆಗಿದ್ದು 2014ರ ನವೆಂಬರ್ 1ಕ್ಕೆ. ಅದಕ್ಕೂ ಮೊದಲು ಪೇಪರ್ ಬರೆದವರು ಹೆಚ್ಚಿನವರು "ಶಿಮೋಗ" ಅಂತಲೇ ಬರೆದಿದ್ದಾರೆ. ಸೊರಬದ ಕ್ಯಾಸನೂರು ಕಾಡಿನಲ್ಲಿ ಈ ವೈರಸ್ ಗುರುತಿಸಿದ್ದು 1957ರಲ್ಲಿ. ಅಂದರೆ ಐವತ್ತಕ್ಕೂ ಜಾಸ್ತಿ ವರ್ಷದ ಬರವಣಿಗೆ ಹಳೆಯ ಹೆಸರಿನಲ್ಲಿದೆ. 1973ರ ನವೆಂಬರ್‌ವರೆಗೆ ರಾಜ್ಯದ ಹೆಸರೂ ಮೈಸೂರು. ನಮ್ಮೂರಿನ ಕಾಯಿಲೆಯನ್ನು ನಮ್ಮೂರಿನ ಈಗಿನ ಹೆಸರಿನಲ್ಲಿ ಹುಡುಕಿದ್ದಕ್ಕೇ ನಿಮಗೆ ಬಹಳ ತಪ್ಪಿಹೋಗಿದೆ.

ತಾಲ್ಲೂಕು ಹೆಸರುಗಳ ಕಥೆ ಕೇಳಲೇಬೇಡಿ. ತೀರ್ಥಹಳ್ಳಿಯನ್ನು ಇಂಗ್ಲಿಷಿನಲ್ಲಿ ಕೆಲವರು ಟಿ ಆದ ಮೇಲೆ ಎಚ್ ಹಾಕಿ ಬರೆಯುತ್ತಾರೆ, ಕೆಲವರು ಹಾಕದೆ. ಸೊರಬಕ್ಕೆ ಕೊನೆಯಲ್ಲಿ ಒಂದು ಎ ಇದ್ದರೂ ಉಂಟು, ಇಲ್ಲದಿದ್ದರೂ ಉಂಟು. ಸಾಗರ ಅಂತ ಹಾಕಿ ನೋಡಿ, ಮಧ್ಯಪ್ರದೇಶದ ಸಾಗರ್ ಬರುತ್ತದೆ. ಸಾಗರ್ ಅನ್ನುವ ಅಡ್ಡಹೆಸರಿನ ಲೇಖಕರೂ ಸಾಲಾಗಿ ಬರುತ್ತಾರೆ.

ಇಷ್ಟಕ್ಕೂ ನಿಮಗೆ ಊರಿನ ಗುಂಪೇ ಬೇಡ. ಕಾಯಿಲೆ ಒಂದು ಗುಂಪು, ಲಸಿಕೆ ಒಂದು ಗುಂಪು, ಸಾಕು. 2012ರ ನಂತರ ಇದು ಬಂಡೀಪುರ, ನೀಲಗಿರಿ, ವಯನಾಡು, ಗೋವಾ, ಸಿಂಧುದುರ್ಗದ ಕಡೆಯೆಲ್ಲ ಕಾಣಿಸಿಕೊಂಡಿದೆ. ಊರು ಹಾಕಿದರೆ ಆ ಪೇಪರುಗಳೂ ಹೋಗುತ್ತವೆ. ಬಂದದ್ದರಲ್ಲಿ ಯಾವುದು ಬೇಕು ಅಂತ ಓದಿ ಆರಿಸುವುದು ಆಮೇಲಿನ ಕೆಲಸ. ಹುಡುಕುವಾಗ ಬಲೆ ದೊಡ್ಡದಿರಲಿ.

ಕಾಯಿಲೆಯ ಗುಂಪಿನಲ್ಲಿ ಪೂರ್ತಿ ಹೆಸರು, ಕೆಎಫ್‌ಡಿ, "ಮಂಕಿ ಫೀವರ್", "ಮಂಕಿ ಡಿಸೀಸ್", ಇವುಗಳ ನಡುವೆ "ಆರ್" (ಅಥವಾ) ಹಾಕಬೇಕು. ವೈದ್ಯಕೀಯ ಪೇಪರುಗಳ ಡೇಟಾಬೇಸ್ ಪಬ್‌ಮೆಡ್‌ನಲ್ಲಿ ಮೆಶ್ ಅಂತ ಒಂದು ವಿಷಯಪಟ್ಟಿ ಇದೆ, ಅದರಲ್ಲಿ ಈ ಕಾಯಿಲೆಗೇ ಸ್ವಂತ ತಲೆಬರಹ ಉಂಟು. ಲೇಖಕರು ಏನೇ ಕರೆದಿರಲಿ, ಅದರಡಿ ಸೇರಿಸಿರುತ್ತಾರೆ. ಅದನ್ನೂ ಹಾಕಿ, ಪದಗಳನ್ನೂ ಹಾಕಿ. ಎರಡೂ ಬೇಕು.

ಗೊರಬಲು · ಆಗಸ್ಟ್ 10

ಹೆಸರಿನ ಗೋಳು ಅಂದರೆ ನಮ್ಮದು ಕೇಳಿ ಮಾರಾಯ್ರೇ. ನಾನು ತೋಟಗಾರಿಕೆ ಕಡೆಯವನು, ಅಡಿಕೆ ರೋಗದ ಮೇಲೆ ಕೆಲಸ. ಇಂಗ್ಲಿಷಿನಲ್ಲಿ ಅಡಿಕೆಯನ್ನು ಒಂದೇ ಪದವಾಗಿ ಬರೆಯುವವರಿದ್ದಾರೆ, ಎರಡು ಪದ ಮಾಡುವವರಿದ್ದಾರೆ. ಡಾಕ್ಟರುಗಳು ಬೀಟಲ್ ನಟ್ ಅಂತಾರೆ. ವೀಳ್ಯದೆಲೆ ಬಳ್ಳಿ ಬೇರೆ, ಅಡಿಕೆ ಮರ ಬೇರೆ ಅಂತ ಅವರಿಗೆ ಯಾರು ಹೇಳಬೇಕು! ಉತ್ತರದವರು ಸುಪಾರಿ ಅಂತಾರೆ. ಸಸ್ಯಶಾಸ್ತ್ರದವರು ಅರೆಕಾ ಕ್ಯಾಟೆಚು.

ಕೊಳೆರೋಗದ್ದು ಇನ್ನೂ ಮಜಾ. ನಮ್ಮ ಕನ್ನಡದ ಪದವೇ ಇಂಗ್ಲಿಷ್ ವಿಜ್ಞಾನದ ಬರಹಕ್ಕೆ ಹಾಗೇ ಹೋಗಿದೆ. ಖುಷಿಯಿಂದ ಅದನ್ನೇ ಹಾಕಿ ಹುಡುಕಿದೆ. ಬಂದದ್ದರಲ್ಲಿ ಒಂದು ರಾಶಿ ಕಾಫಿ! ಕಾಫಿ ಎಲೆ ಕಪ್ಪಾಗಿ ಕೊಳೆಯುವ ರೋಗಕ್ಕೂ ಅದೇ ಹೆಸರು, ಅದರ ಶಿಲೀಂಧ್ರದ ಹಳೆಯ ವೈಜ್ಞಾನಿಕ ಹೆಸರಲ್ಲೂ ಕೊಳೆರೋಗ ಅಂತ ಇದೆ. ಅಡಿಕೆಯದು ಫೈಟಾಫ್ತೊರಾ, ಅದು ಬೇರೆಯೇ. ಕರಾವಳಿ ಕಡೆ ಮಹಾಳಿ ಅಂತಾರೆ, ಇಂಗ್ಲಿಷಿನಲ್ಲಿ ಫ್ರೂಟ್ ರಾಟ್. ಒಂದು ಬಿಟ್ಟರೂ ಒಂದಿಷ್ಟು ಪೇಪರ್ ಹೋಯ್ತು.

ಕೃಷಿಯವರು ಯಾರಾದರೂ ಓದುತ್ತಿದ್ದರೆ: ಪಬ್‌ಮೆಡ್ ಒಂದನ್ನೇ ನಂಬಬೇಡಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಗ್ರಿಸ್ ಉಚಿತ. ನಮ್ಮ ದೇಶದ ಕೃಷಿ ವಿವಿಗಳ ಪ್ರಬಂಧಗಳಿಗೆ ಕೃಷಿಕೋಶ್ ಇದೆ. ಅಡಿಕೆ ವಿಷಯದಲ್ಲಿ ಎಷ್ಟೋ ಒಳ್ಳೆ ಕೆಲಸ ಜರ್ನಲ್‌ಗೇ ಬರದೆ ಪ್ರಬಂಧದಲ್ಲೇ ಉಳಿದಿದೆ.

ಬೆಳಗಿನಡ್ಯೂಟಿ · ಆಗಸ್ಟ್ 10

"ಮಳೆಗಾಲದಲ್ಲಿ ಮನೇಲೇ ಕೂತು ಮಾಡೋ ಕೆಲಸ" ಓದಿ ನಗು ಬಂತು, ಕ್ಷಮಿಸಿ. ಪ್ರಾಸ್ಪೆರೊದಲ್ಲಿ (ಆರೋಗ್ಯದ ರಿವ್ಯೂಗಳನ್ನು ಮೊದಲೇ ನೋಂದಾಯಿಸುವ ಜಾಗ) ನೋಂದಾಯಿಸಿದ ರಿವ್ಯೂಗಳನ್ನು ಲೆಕ್ಕ ಹಾಕಿ 2017ರಲ್ಲಿ ಒಂದು ಅಧ್ಯಯನ ಬಂದಿತ್ತು. ನೋಂದಣಿಯಿಂದ ಪ್ರಕಟಣೆಗೆ ಸರಾಸರಿ 67 ವಾರ. ನಮ್ಮ ಆಗುಂಬೆ ಮಳೆಯೂ ಅಷ್ಟು ದಿನ ಹೊಯ್ಯಲ್ಲ.

ನಾನು ಡಾಕ್ಟರ್, ಪಾಠವೂ ಮಾಡುತ್ತೇನೆ. ಮೊದಲ ರಿವ್ಯೂ ನಾನೊಬ್ಬನೇ ಮಾಡಿದೆ, ತಪ್ಪು ಮಾಡಿದೆ. ಬಂದ ಪೇಪರ್‌ಗಳಲ್ಲಿ ಯಾವುದು ಬೇಕು, ಯಾವುದು ಬೇಡ ಅಂತ ಇಬ್ಬರು ಬೇರೆ ಬೇರೆ ಕೂತು ನಿರ್ಧರಿಸಬೇಕು. ಒಬ್ಬರದ್ದು ಇನ್ನೊಬ್ಬರು ನೋಡಬಾರದು. ರಯ್ಯಾನ್ ಅಂತ ಒಂದು ಸಾಫ್ಟ್‌ವೇರ್ ಇದೆ, ಅದರಲ್ಲಿ ಒಬ್ಬರ ತೀರ್ಮಾನ ಇನ್ನೊಬ್ಬರಿಗೆ ಕಾಣದ ಹಾಗೆ ಮಾಡಬಹುದು. ಕೊನೆಯಲ್ಲಿ ತೆರೆದಾಗ ಎಲ್ಲಿ ಹೊಂದಿಲ್ಲವೋ ಅಲ್ಲಿ ಕೂತು ಮಾತಾಡುವುದು.

ನಮ್ಮ ಮನೆಯಲ್ಲಿ ಅಡಿಕೆ ಆರಿಸುವಾಗ ಹೀಗೇ. ಅಮ್ಮ ಒಂದು ಕಡೆ, ಚಿಕ್ಕಮ್ಮ ಒಂದು ಕಡೆ. ಒಬ್ಬರು ಬೆಟ್ಟೆ ಅಂದಿದ್ದು ಇನ್ನೊಬ್ಬರಿಗೆ ರಾಶಿ (ಬೆಟ್ಟೆ, ರಾಶಿ, ಗೊರಬಲು ಎಲ್ಲ ಅಡಿಕೆಯ ದರ್ಜೆಗಳು). ಜಗಳ ಶುರುವಾದಾಗಲೇ ಗೊತ್ತಾಗುವುದು, ಬೆಟ್ಟೆ ಅಂದರೆ ಯಾವುದು ಅಂತ ಇಬ್ಬರೂ ಮೊದಲು ಮಾತಾಡಿಕೊಂಡಿಲ್ಲ ಅಂತ. ರಿವ್ಯೂನಲ್ಲೂ ಆ ಮಾತು ಮೊದಲೇ ಆಗಬೇಕು. ಅದನ್ನೇ ಪ್ರೊಟೊಕಾಲ್ ಅನ್ನುವುದು. ಆರೋಗ್ಯದ ವಿಷಯವಾದರೆ ಪ್ರಾಸ್ಪೆರೊದಲ್ಲಿ ಹಾಕಿ. ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದವರು 2011ರಿಂದ ನಡೆಸುತ್ತಿದ್ದಾರೆ, ದುಡ್ಡಿಲ್ಲ.

ಗೊರಬಲು · ಆಗಸ್ಟ್ 10

ಡಾಕ್ಟ್ರೇ, ಕೊನೆಗೆ ಗೊರಬಲು ಯಾರ ಪಾಲಿಗೆ ಬಂತು? 😀 ನನ್ನ ಹಾಗೆ ಬೆಳೆ ರೋಗದ ವಿಷಯದವರಿಗೆ ಪ್ರಾಸ್ಪೆರೊ ಬಾಗಿಲು ತೆರೆಯಲ್ಲ. ಯಾವ ವಿಷಯದವರೂ ನೋಂದಾಯಿಸಬಹುದಾದ ಓಎಸ್ಎಫ್ (ಓಪನ್ ಸೈನ್ಸ್ ಫ್ರೇಮ್‌ವರ್ಕ್) ಅನ್ನುವ ಜಾಲತಾಣದಲ್ಲಿ ನಾನು ಹಾಕಿದೆ.

ಸ್ಟಾಫ್‌ರೂಮ್ ಮೂಲೆ · ಆಗಸ್ಟ್ 11

ಎಲ್ಲರೂ ಇಷ್ಟು ಖುಷಿಯಲ್ಲಿರುವಾಗ ಹುಳಿ ಹಿಂಡುತ್ತಿದ್ದೇನೆ, ಬೇಜಾರು ಮಾಡಬೇಡಿ. ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಇಂಥ ತರಬೇತಿ ಎಷ್ಟಕ್ಕೆ ಹೋಗಿದ್ದೇನೋ ಲೆಕ್ಕ ಇಲ್ಲ. ಬೆಳಿಗ್ಗೆ ದೀಪ ಬೆಳಗುವುದು, ಅದಕ್ಕೆ ಮುಕ್ಕಾಲು ಗಂಟೆ. ಖಾರಾಬಾತ್, ಕೇಸರಿಬಾತ್, ಕಾಫಿ. ಆಮೇಲೆ ಯಾವುದೋ ಕಂಪನಿಯ ಹುಡುಗ ಬಂದು ಅವನು ಮಾರುವ ಡೇಟಾಬೇಸ್ ಎಷ್ಟು ಚೆಂದ ಅಂತ ಎರಡು ಗಂಟೆ ಹೇಳುತ್ತಾನೆ. ನಮ್ಮ ಕಾಲೇಜು ಅದನ್ನು ಕೊಂಡಿರುವುದೇ ಇಲ್ಲ! ಕೊನೆಗೆ ಗ್ರೂಪ್ ಫೋಟೊ, ಸರ್ಟಿಫಿಕೇಟ್. ನನ್ನ ಹತ್ತಿರ ಒಂದು ಫೈಲ್ ತುಂಬ ಇವೆ. ಇಲ್ಲಿಯವರೆಗೆ ಒಂದು ಸರಿಯಾದ ಸರ್ಚ್ ಮಾಡಲು ನನಗೆ ಬರುವುದಿಲ್ಲ. ಇದನ್ನು ಒಪ್ಪಿಕೊಳ್ಳಲು ಇಂಥ ಅಡ್ಡಹೆಸರೇ ಬೇಕಾಯಿತು.

ಇನ್ನೂ ಒಂದು. ಹೊಳೆದಂಡೆಯವರ ಗೈಡ್‌ಗೆ ಇದು ಗೊತ್ತಿದ್ದಿದ್ದರೆ ಎರಡು ತಿಂಗಳು ಹೋಗುತ್ತಿರಲಿಲ್ಲ. ಗೊತ್ತಿಲ್ಲ ಅಂತ ಯಾವ ಗೈಡ್ ವಿದ್ಯಾರ್ಥಿಗಳ ಎದುರು ಕೂತು ಕಲಿಯುತ್ತಾನೆ? ನಾನೂ ಕೂರಲಿಲ್ಲ.

ಪುಸ್ತಕದಕ್ಕ · ಆಗಸ್ಟ್ 11

ಸರ್, ಹುಳಿ ಇಲ್ಲದೆ ಸಾರು ಆಗಲ್ಲ. ನೀವು ಹೇಳಿದ್ದು ನಿಜ.

ನಾವು ಮೂರು ವರ್ಷದಿಂದ ಬೇರೆ ಥರ ಮಾಡುತ್ತಿದ್ದೇವೆ. ದೀಪ ಇಲ್ಲ. ಎಂಟು ಜನರಿಗಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ, ಯಾಕೆಂದರೆ ನಮ್ಮ ಯುಪಿಎಸ್‌ಗೆ ಎಂಟೇ ಕಂಪ್ಯೂಟರ್. ಮೂರು ಶನಿವಾರ, ಎರಡೆರಡು ಗಂಟೆ. ಮೊದಲ ವಾರ ಪ್ರಶ್ನೆಯನ್ನು ಬಿಡಿಸಿ ಪದದ ಪಟ್ಟಿ ಮಾಡುವುದು. ಕಂಪ್ಯೂಟರ್ ಹಚ್ಚುವುದೇ ಇಲ್ಲ, ಬರೀ ಹಾಳೆ. ಎರಡನೇ ವಾರ ಹುಡುಕುವುದು. ಮೂರನೇ ವಾರ ಬಂದದ್ದನ್ನು ಪೇಪರುಗಳ ವಿವರ ಜೋಡಿಸಿಡುವ ಸಾಫ್ಟ್‌ವೇರ್ ಜೊಟೆರೊಗೆ ಹಾಕಿ ಡೂಪ್ಲಿಕೇಟ್ ತೆಗೆಯುವುದು. ವಾರದ ನಡುವೆ ಅವರವರ ಕೆಲಸ ಅವರವರು ಮಾಡಿಕೊಂಡು ಬರಬೇಕು.

ಸಿಬ್ಬಂದಿಯದು ಸೂಕ್ಷ್ಮ ವಿಷಯ. ಮೊದಲ ವರ್ಷ ಬೇರೆ ಬ್ಯಾಚ್ ಮಾಡಿದೆವು, ಒಬ್ಬರೂ ಬರಲಿಲ್ಲ. ಎರಡನೇ ವರ್ಷ "ಗೈಡ್ ಮತ್ತು ವಿದ್ಯಾರ್ಥಿ ಜೋಡಿಯಾಗಿ ಬಂದರೆ ಮಾತ್ರ ಪ್ರವೇಶ" ಅಂತ ನೋಟಿಸ್ ಹಾಕಿದೆ. ಪ್ರಿನ್ಸಿಪಾಲರು ಹೆದರಿದರು. ಬಂದರು ಸರ್! ಇಬ್ಬರ ನಡುವೆ ಒಂದೇ ಕಂಪ್ಯೂಟರ್. ವಿದ್ಯಾರ್ಥಿ ಟೈಪ್ ಮಾಡುತ್ತಾನೆ, ಗೈಡ್‌ಗೆ ವಿಷಯದ ಪದಗಳು ಗೊತ್ತು, ಹೇಳುತ್ತಾರೆ. ಯಾರಿಗೆ ಏನು ಗೊತ್ತಿಲ್ಲ ಅನ್ನುವುದು ಅಲ್ಲಿ ಎದ್ದು ಕಾಣುವುದೇ ಇಲ್ಲ.

ಬೈಟೂ · ಆಗಸ್ಟ್ 12

ಒಂದು ಡೌಟು. ಇಷ್ಟೆಲ್ಲ ಯಾಕೆ? ಚಾಟ್‌ಜಿಪಿಟಿಗೆ ಕೇಳಿದರೆ ಪೇಪರ್ ಪಟ್ಟಿ ಕೊಡುತ್ತಲ್ವಾ? ನನ್ನ ರೂಮ್‌ಮೇಟ್ ಹಾಗೇ ಮಾಡಿದ.

ಬೆಳಗಿನಡ್ಯೂಟಿ · ಆಗಸ್ಟ್ 12

ಕೊಡುತ್ತೆ. ಕೇಳಿದ್ದಕ್ಕೆ ಇಲ್ಲ ಅನ್ನದೆ ಕೊಡುತ್ತೆ, ಅದೇ ತೊಂದರೆ. ಕೆಲವು ಸಲ ಜರ್ನಲ್ ಹೆಸರು ನಿಜ, ಲೇಖಕರ ಹೆಸರೂ ನಿಜ, ಪೇಪರ್ ಮಾತ್ರ ಹುಟ್ಟೇ ಇಲ್ಲ. ನನ್ನ ಒಬ್ಬ ವಿದ್ಯಾರ್ಥಿ ಅಂಥದ್ದೊಂದನ್ನು ಹುಡುಕಲು ಲೈಬ್ರರಿ ಅಟೆಂಡರ್‌ನನ್ನು ಅರ್ಧ ದಿನ ಓಡಾಡಿಸಿದ್ದ.

ಒಂದಕ್ಕೆ ಚೆನ್ನಾಗಿದೆ: ಇದಕ್ಕೆ ಬೇರೆ ಏನೇನು ಹೆಸರಿವೆ ಅಂತ ಕೇಳಿ. ಪಟ್ಟಿ ಕೊಡುತ್ತದೆ. ಅದನ್ನು ನೀವು ಡೇಟಾಬೇಸ್‌ನಲ್ಲಿ ಹಾಕಿ ನೋಡಿ, ನಿಜವೋ ಸುಳ್ಳೋ ತಿಳಿಯುತ್ತದೆ. ಪೇಪರ್ ಹುಡುಕುವುದನ್ನು ಮಾತ್ರ ಅದಕ್ಕೆ ಬಿಡಬೇಡಿ. ಇವತ್ತು ಕೇಳಿದರೆ ಒಂದು ಪಟ್ಟಿ, ನಾಳೆ ಕೇಳಿದರೆ ಇನ್ನೊಂದು. ಇನ್ನೊಬ್ಬರು ಅದೇ ದಾರಿಯಲ್ಲಿ ನಡೆದು ಅಲ್ಲಿಗೇ ಬರಬೇಕು, ಸಿಸ್ಟಮ್ಯಾಟಿಕ್ ಅನ್ನುವುದು ಅದಕ್ಕೆ.

ಪುಸ್ತಕದಕ್ಕ · ಆಗಸ್ಟ್ 12

ಗೂಗಲ್ ಸ್ಕಾಲರ್‌ಗೂ ಸ್ವಲ್ಪ ಅದೇ ಮಾತು. ಎಷ್ಟೇ ಸಾವಿರ ಸಿಕ್ಕಿದೆ ಅಂದರೂ ಮೊದಲ 1,000 ಮಾತ್ರ ತೋರಿಸುತ್ತದೆ. ಉದ್ದದ ಸರ್ಚ್ ಹಾಕಿದರೆ 256 ಅಕ್ಷರಕ್ಕೆ ನಿಲ್ಲುತ್ತದೆ. ಕೊನೆಯಲ್ಲಿ ಏನಾದರೂ ತಪ್ಪಿದೆಯಾ ಅಂತ ನೋಡಲು ಒಳ್ಳೆಯದು. ಅಡಿಪಾಯ ಅದರ ಮೇಲೆ ಬೇಡ.

ಘಟ್ಟದಮೇಲೆ · ಆಗಸ್ಟ್ 13

ಖಾಸಗಿ ಕಾಲೇಜಿನವರ ಪಾಡು ಯಾರೂ ಹೇಳಲಿಲ್ಲ. ದೇಶಕ್ಕೆಲ್ಲ ಸೇರಿ ಕೇಂದ್ರ ಸರ್ಕಾರವೇ ಜರ್ನಲ್‌ಗಳಿಗೆ ಚಂದಾ ಕಟ್ಟುವ ಒನ್ ನೇಶನ್ ಒನ್ ಸಬ್‌ಸ್ಕ್ರಿಪ್ಷನ್ ಬಂತು ಅಂತ ಪೇಪರಲ್ಲೆಲ್ಲ ಬಂದಿತ್ತು. 2024ರ ನವೆಂಬರ್‌ನಲ್ಲಿ ಸಂಪುಟ ಒಪ್ಪಿತು, ಮೂರು ವರ್ಷಕ್ಕೆ 6,000 ಕೋಟಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್. ಓದಿ ಕುಣಿದಾಡಿದೆ. ನೋಡಿದರೆ ಸರ್ಕಾರಿ ಸಂಸ್ಥೆಗಳಿಗೆ. ನಮ್ಮ ಕಾಲೇಜಿನ ಗೇಟಿನಿಂದ ಸರ್ಕಾರಿ ಕಾಲೇಜಿನ ಕಾಂಪೌಂಡ್ ಕಾಣುತ್ತದೆ. ಅಲ್ಲಿ ಪಿಡಿಎಫ್ ಇಳಿಯುತ್ತದೆ, ಇಲ್ಲಿ ದುಡ್ಡು ಕೇಳುತ್ತದೆ.

ಪುಸ್ತಕದಕ್ಕ · ಆಗಸ್ಟ್ 13

ನಿಮ್ಮ ಸಂಕಟ ಅರ್ಥವಾಗುತ್ತದೆ. ಒಂದು ಸಮಾಧಾನ ಹೇಳಲಾ? ಹುಡುಕುವುದು ಬೇರೆ, ಓದುವುದು ಬೇರೆ. ಹುಡುಕಲು ಪಬ್‌ಮೆಡ್, ಯುರೋಪ್ ಪಿಎಂಸಿ, ಲೆನ್ಸ್, ಪ್ರಬಂಧಗಳಿಗೆ ಶೋಧಗಂಗಾ, ಎಲ್ಲ ಉಚಿತ. ನಮ್ಮ ಮೆಡಿಕಲ್ ಟ್ರಯಲ್‌ಗಳ ನೋಂದಣಿ ಸಿಟಿಆರ್‌ಐಯೂ ಉಚಿತ. ದುಡ್ಡು ಕೊಟ್ಟು ತೆಗೆದುಕೊಳ್ಳುವ ಡೇಟಾಬೇಸ್‌ಗಳಾದ ಎಂಬೇಸ್, ಸ್ಕೋಪಸ್ ನಿಮ್ಮಲ್ಲಿ ಇಲ್ಲದಿದ್ದರೆ ಇಲ್ಲ ಅಂತ ರಿವ್ಯೂನಲ್ಲಿ ಬರೆಯಿರಿ. ಅದು ಮಿತಿ, ಅಪರಾಧ ಅಲ್ಲ. ಓದಲು ಸಿಗದ ಪೇಪರ್‌ಗೆ ಲೇಖಕರಿಗೆ ಎರಡು ಸಾಲಿನ ಮೇಲ್ ಹಾಕಿ. ಎಷ್ಟೋ ಜನ ಮಾರನೇ ದಿನವೇ ಕಳಿಸುತ್ತಾರೆ, ತಮ್ಮ ಪೇಪರ್ ಓದುವವರು ಒಬ್ಬರು ಸಿಕ್ಕಿದರಲ್ಲ ಅಂತ.

ಹೊಳೆದಂಡೆ · ಸೆಪ್ಟೆಂಬರ್ 21

ಎಲ್ಲರಿಗೂ ಥ್ಯಾಂಕ್ಸ್. ಹಾಳೆ ಬರೆದುಕೊಟ್ಟೆ. ಪುಸ್ತಕದಕ್ಕ ಹೇಳಿದ ಹಾಗೆಯೇ ಮೂರು ಶನಿವಾರ ಮಾಡಿದರು. ಗೈಡ್ ಮೊದಲ ವಾರ "ಒಂದು ಮೀಟಿಂಗ್ ಇದೆ" ಅಂದರು. ಎರಡನೇ ವಾರ ಬಂದು ಪಕ್ಕದಲ್ಲಿ ಕೂತರು. ಮೂರನೇ ವಾರ ನನಗಿಂತ ಮೊದಲು ಬಂದು ಕಂಪ್ಯೂಟರ್ ಹಚ್ಚಿದ್ದರು.

ನನ್ನ ಸರ್ಚ್ ಸಿದ್ಧವಾಯಿತು ಅಂದುಕೊಂಡೆ. ಅಕ್ಕನಿಗೆ ಮೆಸೇಜ್ ಮಾಡಿ ಕಳಿಸಿದ್ದೇನೆ. ಬೈಯಿರಿ.

ಪುಸ್ತಕದಕ್ಕ · ಸೆಪ್ಟೆಂಬರ್ 22

ಬೈಯುವುದೇನು, ಹೀಗೆ ಒಬ್ಬರ ಸರ್ಚ್ ಇನ್ನೊಬ್ಬರು ನೋಡುವುದಕ್ಕೇ ಪ್ರೆಸ್ ಅಂತ ಒಂದು ಮಾರ್ಗಸೂಚಿ ಇದೆ, 2015ರದ್ದು. ಬೇರೆಯವರಿಗೂ ಉಪಯೋಗ ಆಗಲಿ ಅಂತ ಇಲ್ಲೇ ಬರೆಯುತ್ತೇನೆ, ಅವರು ಒಪ್ಪಿದ್ದಾರೆ.

ಎರಡು ತಪ್ಪು. ಲಸಿಕೆಯ ಪದ "ಆಂಡ್" (ಮತ್ತು) ಕಾಯಿಲೆಯ ಪದಗಳು ಅಂತ ಬರೆದಿದ್ದಾರೆ. ಆದರೆ ಕಾಯಿಲೆಯ ಪದಗಳ ಸುತ್ತ ಆವರಣ ಹಾಕಿಲ್ಲ. ಪಬ್‌ಮೆಡ್ ಎಡದಿಂದ ಬಲಕ್ಕೆ ಓದಿಕೊಂಡು ಹೋಗುತ್ತದೆ. ಲಸಿಕೆ ಮತ್ತು ಕೆಎಫ್‌ಡಿ ಎರಡೂ ಇರುವುದನ್ನು ತೆಗೆದುಕೊಂಡಿತು, ಆಮೇಲೆ "ಆರ್ ಮಂಕಿ ಫೀವರ್" ಸಿಕ್ಕಿತು. ಲಸಿಕೆ ಇರಲಿ ಬಿಡಲಿ, ಅದನ್ನೆಲ್ಲ ರಾಶಿಗೆ ಸುರಿದುಬಿಟ್ಟಿತು. ಎರಡನೆಯದು, ಮಂಕಿ ಫೀವರ್‌ಗೆ ಉದ್ಧರಣ ಚಿಹ್ನೆ ಇಲ್ಲ. ಹಾಗಾಗಿ ಮಂಗ ಎಲ್ಲೋ, ಜ್ವರ ಎಲ್ಲೋ ಇದ್ದರೂ ಬಂತು. ಹಳದಿ ಜ್ವರದ ಮೇಲೆ ಆಫ್ರಿಕಾ, ಬ್ರೆಜಿಲ್‌ನಲ್ಲಿ ನಡೆದ ಮಂಗದ ಅಧ್ಯಯನಗಳು ನಿಮ್ಮ ಪಟ್ಟಿಯಲ್ಲಿ ಯಾಕಿವೆ ಅಂತ ಯೋಚಿಸುತ್ತಿದ್ದಿರಲ್ಲ, ಇದಕ್ಕೇ.

ಸರಿಮಾಡಿ ಮತ್ತೆ ಓಡಿಸಿ. ಓಡಿಸಿದ ಸಾಲನ್ನು ಹಾಗೇ ನಕಲು ಮಾಡಿ ಒಂದು ಫೈಲ್‌ನಲ್ಲಿ ಇಡಿ. ಪಕ್ಕದಲ್ಲಿ ತಾರೀಖು, ಡೇಟಾಬೇಸ್, ಎಷ್ಟು ಬಂತು. ರಿವ್ಯೂನಲ್ಲಿ ಏನೇನು ವರದಿ ಮಾಡಬೇಕು ಅಂತ ಹೇಳುವ ಮಾರ್ಗಸೂಚಿ ಪ್ರಿಸ್ಮಾ 2020ರ ಚೆಕ್‌ಲಿಸ್ಟ್‌ನಲ್ಲಿ 27 ಅಂಶ ಇವೆ. ಅದರಲ್ಲಿ ಆರನೆಯದೂ ಏಳನೆಯದೂ ಇದನ್ನೇ ಕೇಳುತ್ತವೆ. ಆವತ್ತು ಆ ಮೇಡಂ ಕೇಳಿದ್ದೂ ಇದೇ ಅಲ್ವಾ?

ಗೊರಬಲು · ಸೆಪ್ಟೆಂಬರ್ 22

ಆವರಣದ ಮಾತು ಓದಿ ಓಡಿಹೋಗಿ ನನ್ನದು ನೋಡಿದೆ. ನನ್ನದರಲ್ಲೂ ಇಲ್ಲ. ಕಾಫಿ ಯಾಕೆ ಅಷ್ಟು ಬಂತು ಅಂತ ಈಗ ಗೊತ್ತಾಯಿತು. ಶಿಲೀಂಧ್ರದ ಮೇಲೆ ಹಾಕಿದ ತಪ್ಪು ವಾಪಸ್ ತೆಗೆದುಕೊಂಡೆ.

ಹೊಳೆದಂಡೆ · ಮಾರ್ಚ್ 2

ಬಹಳ ದಿನ ಆಯಿತು. ಸ್ಕ್ರೀನಿಂಗ್ ಮುಗಿಯಿತು. ನರ್ಸಿಂಗ್ ಓದಿದ ಗೆಳತಿಯೊಬ್ಬಳು ಎರಡನೆಯವಳಾಗಿ ಕೂತಳು, ಅವಳಿಗೆ ಒಂದು ಸೀರೆ ಬಾಕಿ ಇದೆ. ಈಗ ಒಂದು ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಪೂರ್ತಿ ಓದಬೇಕು ಅಂತ ಆರಿಸಿದ್ದು 58. ಓದಿ ಕೈಬಿಟ್ಟಿದ್ದು 32. ರಿವ್ಯೂಗೆ ಸೇರಿಸಿದ್ದು 19. ಕೂಡಿದರೆ 51. ಏಳು ಎಲ್ಲಿ ಹೋದವು? ಎರಡು ರಾತ್ರಿ ಎಕ್ಸೆಲ್ ತಿರುವಿ ಹಾಕಿದೆ. ಡೂಪ್ಲಿಕೇಟ್ ಅಂದುಕೊಂಡು ಅದನ್ನೂ ನೋಡಿದೆ. ನಮ್ಮ ಕಡೆ ಹೆಸರುಗಳದ್ದು ಗೊತ್ತಲ್ಲ, ಇನಿಷಿಯಲ್ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ. ಹಳೆಯದಕ್ಕೆ ಡಿಓಐ (ಪ್ರತಿ ಪೇಪರಿಗೆ ಕೊಡುವ ಗುರುತಿನ ಸಂಖ್ಯೆ) ಕೂಡ ಇಲ್ಲ. ಕಣ್ಣಲ್ಲೇ ನೋಡಬೇಕು. ಅಲ್ಲೂ ಸಿಗಲಿಲ್ಲ.

ಬೆಳಗಿನಡ್ಯೂಟಿ · ಮಾರ್ಚ್ 2

ಓದಲು ಸಿಗದೇ ಹೋದವು ಎಷ್ಟು?

ಹೊಳೆದಂಡೆ · ಮಾರ್ಚ್ 2

ಅಯ್ಯೋ.

ಏಳು.

ಬೆಳಗಿನಡ್ಯೂಟಿ · ಮಾರ್ಚ್ 2

ಎಷ್ಟು ಪೇಪರ್ ಬಂತು, ಎಷ್ಟು ಬಿಟ್ಟಿರಿ ಅಂತ ತೋರಿಸುವ ಪ್ರಿಸ್ಮಾ 2020ರ ಚಿತ್ರದಲ್ಲಿ ಅದಕ್ಕೆ ಒಂದು ಪೆಟ್ಟಿಗೆಯೇ ಇದೆ, ಹುಡುಕಿದರೂ ಸಿಗಲಿಲ್ಲ ಅಂತ. ಹೊಸ ಚಿತ್ರ ಇಳಿಸಿಕೊಳ್ಳಿ. ಸಿಗದ್ದನ್ನು ಮುಚ್ಚಿಡಬೇಡಿ, ಆ ಪೆಟ್ಟಿಗೆಯಲ್ಲಿ ಬರೆಯಿರಿ.

ಹಳೇಕಪಾಟು · ಮಾರ್ಚ್ 3

ಮೊದಲಿನಿಂದ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ನಾನು ನಿವೃತ್ತ ಗ್ರಂಥಪಾಲಕ. ಕಾರ್ಡ್ ಕ್ಯಾಟಲಾಗ್ ಕಾಲದವನು.

ಹೊಳೆದಂಡೆಯವರೇ, ಆ ಏಳು ಯಾವ ಕಾಲದವು ಅಂತ ಹೇಳುತ್ತೀರಾ? ನನ್ನ ಊಹೆ, ಹೆಚ್ಚಿನವು 1975ಕ್ಕಿಂತ ಹಿಂದಿನವು. ಅವಕ್ಕೆ ಪಬ್‌ಮೆಡ್‌ನಲ್ಲಿ ಸಾಮಾನ್ಯವಾಗಿ ಸಾರಾಂಶವೇ ಇರುವುದಿಲ್ಲ, ಬರೀ ತಲೆಬರಹ. ಎಷ್ಟೋ ಜನ ಸಾರಾಂಶ ಇಲ್ಲ ಅಂತ ಅಲ್ಲೇ ಕೈಬಿಡುತ್ತಾರೆ. ನೀವು ಬಿಟ್ಟಿಲ್ಲ, ಒಳ್ಳೆಯದು ಮಾಡಿದಿರಿ.

ಅಂಥವು ನೆಟ್‌ನಲ್ಲಿ ಸಿಗದಿದ್ದರೆ ಇಲ್ಲ ಅಂತ ಅರ್ಥ ಅಲ್ಲ. ಆಗ ನಾವು ಜರ್ನಲ್‌ಗಳನ್ನು ವರ್ಷಕ್ಕೊಂದರಂತೆ ರಟ್ಟು ಹಾಕಿ ಕಟ್ಟಿಸುತ್ತಿದ್ದೆವು. ಹಳೆಯ ಲೈಬ್ರರಿಗಳಲ್ಲಿ ಮೆಟ್ಟಿಲ ಕೆಳಗೋ ಹಿಂದಿನ ಕೋಣೆಯಲ್ಲೋ ಈಗಲೂ ಇರುತ್ತವೆ. ಈಗಿನವರು ಬಾಗಿಲು ತೆಗೆಯುವುದಿಲ್ಲ, ಧೂಳು ಅಂತ. ಜರ್ನಲ್ ಹೆಸರು, ಸಂಪುಟ, ಪುಟ ಕಳಿಸಿ. ಬೆಳಿಗ್ಗೆ ವಾಕಿಂಗ್ ಹೋಗುವ ದಾರಿಯಲ್ಲೇ ನಾನು ಕೆಲಸ ಮಾಡಿದ ಲೈಬ್ರರಿ ಇದೆ. ಅಟೆಂಡರ್‌ಗೆ ನಾನು ಇನ್ನೂ ಸರ್.

ಗ್ರಂಥಾಲಯ ವಿಜ್ಞಾನದ ಎಸ್. ಆರ್. ರಂಗನಾಥನ್ ಅವರ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಅಂತ. 1931ರಲ್ಲಿ ಬರೆದದ್ದು. ನಮ್ಮ ಸಮಯ ಹೋದರೂ ಪರವಾಗಿಲ್ಲ ಅಂತ ಅದರಲ್ಲಿಲ್ಲ, ಆದರೆ ನನಗೆ ಈಗ ಸಮಯಕ್ಕೇನೂ ಕೊರತೆ ಇಲ್ಲ.

ಸ್ಟಾಫ್‌ರೂಮ್ ಮೂಲೆ · ಮಾರ್ಚ್ 3

ಸರ್, ನೀವು ಯಾರು ಅಂತ ನನಗೆ ಗೊತ್ತಾಯಿತು ಅನ್ನಿಸುತ್ತಿದೆ. ನಾನು ಎಂಎಸ್ಸಿ ಮಾಡುವಾಗ ತಡ ಮಾಡಿ ತಂದ ಪುಸ್ತಕಕ್ಕೆ ದಂಡ ಹಾಕಿದ್ದಿರಿ.

ಹಳೇಕಪಾಟು · ಮಾರ್ಚ್ 3

ಕಟ್ಟಿದ್ದೀರಾ?

ಹೊಳೆದಂಡೆ · ಮಾರ್ಚ್ 19

ಹಳೇಕಪಾಟು ಸರ್ ಏಳರಲ್ಲಿ ನಾಲ್ಕು ಕೊಟ್ಟರು. ಮೂರು ರಟ್ಟು ಕಟ್ಟಿದ ಸಂಪುಟದಲ್ಲಿ ಸಿಕ್ಕವು, ಒಂದನ್ನು ಬೆಂಗಳೂರಿನ ಹಳೆಯ ಪರಿಚಯದವರಿಂದ ಸ್ಕ್ಯಾನ್ ಮಾಡಿಸಿ ತರಿಸಿದರು. ಒಂದರ ಪುಟಗಳ ಅಂಚನ್ನು ಗೆದ್ದಲು ತಿಂದಿದೆ. ಅಕ್ಷರ ತಿಂದಿಲ್ಲ. ತಲೆಬರಹದಲ್ಲಿ "ಮೈಸೂರ್ ಸ್ಟೇಟ್" ಅಂತ ಇದೆ. ಶಿವಮೊಗ್ಗ ಅನ್ನುವ ಪದ ಒಳಗೆ ಎಲ್ಲೂ ಇಲ್ಲ.

ಗೈಡ್‌ಗೆ ತೋರಿಸಿದೆ. ಕನ್ನಡಕ ತೆಗೆದು ಹತ್ತಿರ ಹಿಡಿದು ಓದಿದರು. "ಮುಂದಿನ ಬ್ಯಾಚ್ ತರಬೇತಿ ಯಾವಾಗ?" ಅಂತ ಕೇಳಿದರು. ಅವರ ಇನ್ನೊಬ್ಬ ವಿದ್ಯಾರ್ಥಿನಿಯನ್ನು ಮೊದಲ ವಾರದಿಂದಲೇ ಕೂರಿಸುತ್ತಾರಂತೆ.

ನಾಲ್ಕರಲ್ಲಿ ಒಂದು ರಿವ್ಯೂಗೆ ಸೇರಿತು, ಮೂರು ಕೈಬಿಟ್ಟೆವು. ಈಗ ಸೇರಿಸಿದ್ದು 20, ಬಿಟ್ಟಿದ್ದು 35, ಸಿಗದ್ದು 3. ಕೂಡಿ ನೋಡಿ, 58.

ಗೊರಬಲು · ಮಾರ್ಚ್ 19

ಕೂಡಿದೆ. ಸರಿ ಇದೆ. ಹಳೇಕಪಾಟು ಸರ್, ನಂದೂ ಹನ್ನೊಂದು ಇವೆ, ಕಳಿಸಲಾ?